ಎಂ-1950 ಲೆನ್ಸ್ಯಾಟಿಕ್ ಕಂಪಾಸ್: ಚಾರಣಕ್ಕಲ್ಲ, ಆದೇಶದ ದಿಕ್ಕು ಹಿಡಿಯುವುದಕ್ಕೆ

ಅಮೆರಿಕದ ಭೂಸೇನೆಗೆ ಕಮೆಂಗಾ ಕಂಪನಿ ಮಾಡಿಕೊಡುವ, ಲೆನ್ಸ್ ಮೂಲಕ ಡಯಲ್ ಓದುವ ಈ ಕಂಪಾಸನ್ನು ಸಾಮಾನ್ಯ ಗ್ರಾಹಕರೂ ಕೊಳ್ಳಬಹುದು. ಕೊಂಡವರ ಗೊಣಗಾಟ ಬಹುಪಾಲು ಎರಡೇ: ಡಯಲ್ ತುಂಬ ಅಂಕಿಗಳು, ಜೊತೆಗೆ ಡಿಕ್ಲಿನೇಶನ್ (ನಕ್ಷೆಯ ಉತ್ತರಕ್ಕೂ ಕಂಪಾಸ್ ತೋರುವ ಉತ್ತರಕ್ಕೂ ಇರುವ ಕೋನ) ಹೊಂದಿಸಲು ಯಾವ ತಿರುಪೂ ಇಲ್ಲ. ಎರಡೂ ನಿಜವೇ. ಆದರೆ ಇದನ್ನು ಯಾವ ಕೆಲಸಕ್ಕೆ ಮಾಡಿದ್ದಾರೆ ಅನ್ನುವುದನ್ನು ಮೊದಲು ನೋಡಬೇಕು.

ದಾಳಿಯ ಆದೇಶದಲ್ಲಿ ಪಕ್ಕಪಕ್ಕದ ಎರಡು ತುಕಡಿಗಳ ನಡುವೆ ಗಡಿರೇಖೆ ಎಳೆದಿರುತ್ತಾರೆ. ಕತ್ತಲಲ್ಲಿ ಅದನ್ನು ದಾಟಿಬಿಟ್ಟರೆ ನಮ್ಮವರ ಗುಂಡಿಗೆ ನಾವೇ ಸಿಗುವ ಅಪಾಯ. ಜಿಪಿಎಸ್ ಇದೆಯಲ್ಲ ಎನ್ನುವ ಕಾಲವೂ ಹೋಯಿತು. 2022ರ ನಂತರ ಉಕ್ರೇನ್ ರಣರಂಗದಲ್ಲಿ ಅದರ ಸಿಗ್ನಲ್ ಕೆಡಿಸುವುದು ಮಾಮೂಲಿ ಸಂಗತಿ. ಹಾಗಾಗಿ ಬ್ಯಾಟರಿ ಬೇಡದ ಕಂಪಾಸ್ ಇನ್ನೂ ಸೈನಿಕನ ಬಳಿ ಇರಬೇಕಾಗಿದೆ.

ಡಯಲ್‌ನಲ್ಲಿ ಎರಡು ಬಳೆಗಳು. ಒಳಗಿನ ಕೆಂಪು ಬಳೆ ಡಿಗ್ರಿಯದು, 5 ಡಿಗ್ರಿಗೊಂದು ಗೆರೆ. ಹೊರಗಿನ ಕಪ್ಪು ಬಳೆ ಮಿಲ್ ಎಂಬ ಕೋನದ ಅಳತೆಯದು, 20 ಮಿಲ್‌ಗೊಂದು ಗೆರೆ. ಒಂದು ಪೂರ್ತಿ ಸುತ್ತಿಗೆ 6400 ಮಿಲ್. 1000 ಮೀಟರ್ ದೂರದಲ್ಲಿ 1 ಮಿಲ್ ಅಂದರೆ ಸುಮಾರು 1 ಮೀಟರ್ ಅಗಲ. ಫಿರಂಗಿಯವರು ಡಿಗ್ರಿ ಬಿಟ್ಟು ಮಿಲ್ ಹಿಡಿದಿರುವುದು ಈ ಸುಲಭ ಲೆಕ್ಕಕ್ಕಾಗಿ. ಆದರೆ ಇದರ ನಿಖರತೆ ±40 ಮಿಲ್ ಎಂದೇ ಕಂಪನಿ ಹೇಳುತ್ತದೆ. ಕಿಲೋಮೀಟರಿಗೆ 40 ಮೀಟರ್ ಆಚೀಚೆ ಆಗಬಹುದು. ಕಾಲ್ನಡಿಗೆಗೆ ಇದು ಸಾಕು. ಫಿರಂಗಿಗೆ ಗುರಿ ತೋರಿಸುವವರು ಇದರ ಓದನ್ನು ಮೊದಲ ಅಂದಾಜು ಎಂದಷ್ಟೇ ಇಟ್ಟುಕೊಳ್ಳಲಿ, ಆಮೇಲೆ ಬಿದ್ದ ಗುಂಡು ನೋಡಿ ತಿದ್ದಬೇಕು.

ಇದರ ನಿಜವಾದ ಗಟ್ಟಿತನ ಡಯಲ್ ನಿಲ್ಲುವ ರೀತಿಯಲ್ಲಿದೆ. ಒಳಗೆ ದ್ರವವಿಲ್ಲ. ತಾಮ್ರದ ಬಟ್ಟಲಿನ ಮೇಲೆ ಅಯಸ್ಕಾಂತ ತೂಗಾಡಿದಾಗ ತಾಮ್ರದಲ್ಲಿ ಹುಟ್ಟುವ ಸುಳಿವಿದ್ಯುತ್ತೇ ಅದನ್ನು ತಡೆಯುತ್ತದೆ. ಚಳಿಗೆ ಹೆಪ್ಪುಗಟ್ಟುವ ಮಾತಿಲ್ಲ, ಗುಳ್ಳೆ ಏಳುವ ಮಾತೂ ಇಲ್ಲ. ಹಸಿರು ಬಣ್ಣದ ಅಗ್ಗದ ನಕಲುಗಳು ನೋಡುವುದಕ್ಕೆ ತದ್ರೂಪು. ಆದರೆ ಈ ತಡೆಯೇ ಇಲ್ಲದವುಗಳಲ್ಲಿ ಡಯಲ್ ತೂಗಾಡುತ್ತಲೇ ಇರುತ್ತದೆ. ಹಿಂದಿನ ಲೆನ್ಸ್ ತೋಳನ್ನು 45 ಡಿಗ್ರಿಗಿಂತ ಹೆಚ್ಚು ಎತ್ತದಿದ್ದರೆ ಅಸಲಿಯ ಡಯಲ್ ಕೂಡ ಸರಾಗವಾಗಿ ತಿರುಗುವುದಿಲ್ಲ. ಕಂಪಾಸ್ ಕೆಟ್ಟಿದೆ ಎಂದು ಹಿಂದಿರುಗಿಸುವ ಮೊದಲು ತೋಳು ನೋಡಿ.

ರಾತ್ರಿ ನಡಿಗೆಯೇ ಇದರ ಹೆಚ್ಚುಗಾರಿಕೆ. ಮೇಲಿನ ಬೆಜೆಲ್ ಬಳೆ ಒಂದು ಸುತ್ತಿಗೆ 120 ಸಲ ಕ್ಲಿಕ್ ಎನ್ನುತ್ತದೆ, ಅಂದರೆ ಒಂದು ಕ್ಲಿಕ್‌ಗೆ 3 ಡಿಗ್ರಿ. ಕಾಂತೀಯ ಬೇರಿಂಗ್ (ಕಾಂತೀಯ ಉತ್ತರದಿಂದ ಬಲಕ್ಕೆ ಅಳೆದ ದಿಕ್ಕಿನ ಕೋನ) 84 ಡಿಗ್ರಿ ಬೇಕೆನ್ನಿ. ಮೊದಲು ಬೆಜೆಲ್‌ನ ಹೊಳೆಯುವ ಗೆರೆಯನ್ನು ಗಾಜಿನ ಕೆಳಗಿನ ಕಪ್ಪು ಸೂಚಕ ಗೆರೆಯ ಮೇಲೆ ತನ್ನಿ. ಅಲ್ಲಿಂದ 28 ಕ್ಲಿಕ್ ಎಡಕ್ಕೆ ತಿರುಗಿಸಿ. 84 ಡಿಗ್ರಿಯತ್ತ ಮುಖ ಮಾಡಿದವನಿಗೆ ಉತ್ತರ ಎಡಕ್ಕಿರುತ್ತದೆ, ಆದ್ದರಿಂದ ಎಡಕ್ಕೆ. ಕಂಪಾಸನ್ನು ಮಟ್ಟವಾಗಿ ಹಿಡಿದು, ಉತ್ತರದ ಬಾಣ ಬೆಜೆಲ್‌ನ ಹೊಳೆಯುವ ಗೆರೆಯಡಿ ಬರುವವರೆಗೆ ಮೈ ತಿರುಗಿಸಿದರೆ ಮುಚ್ಚಳದ ಹೊಳೆಯುವ ಚುಕ್ಕೆಗಳು ತೋರುವುದೇ ದಾರಿ. 180 ದಾಟಿದ ಬೇರಿಂಗ್ ಆದರೆ 360ರಿಂದ ಕಳೆದು ಬಲಕ್ಕೆ ತಿರುಗಿಸುವುದು ಸುಲಭ. 3ರಿಂದ ಭಾಗವಾಗದ ಬೇರಿಂಗ್‌ನಲ್ಲಿ 1 ಡಿಗ್ರಿ ತಪ್ಪುತ್ತದೆ: ಕಿಲೋಮೀಟರಿಗೆ ಸುಮಾರು 17 ಮೀಟರ್.

ಈ ಕಂಪಾಸಿನ 3ಎಚ್ ಮಾದರಿಯ ಬೆಳಕು ಟ್ರಿಟಿಯಂ ಎಂಬ ವಿಕಿರಣಶೀಲ ಹೈಡ್ರೋಜನ್ನಿನದು, ಟಾರ್ಚ್ ತೋರಿಸಿ ತುಂಬಿಸಬೇಕಿಲ್ಲ. ಟ್ರಿಟಿಯಂನ ಅರ್ಧಾಯುಷ್ಯ ಸುಮಾರು 12.3 ವರ್ಷ, ಅಂದರೆ ಅಷ್ಟರಲ್ಲಿ ಬೆಳಕು ಅರ್ಧಕ್ಕಿಳಿಯುತ್ತದೆ. ಹಳೆಯ ದಾಸ್ತಾನು ಕೊಳ್ಳುವವರು ತಳಭಾಗದಲ್ಲಿರುವ ತಯಾರಿಕೆಯ ದಿನಾಂಕ ಓದಿಯೇ ಬೆಲೆ ಮಾತಾಡಬೇಕು. ಬೆಳಕು ತೋರಿಸಿ ತುಂಬಿಸುವ ‘27’ ಎಂಬ ಮಾದರಿ ಅಗ್ಗ, ಹಗಲಿನ ಕೆಲಸಕ್ಕೆ ಅದೇ ಸಾಕು.

ಇನ್ನು ಡಿಕ್ಲಿನೇಶನ್. ಹೊಂದಿಸುವ ತಿರುಪಿಲ್ಲದ ಕಾರಣ ನಕ್ಷೆಯ ಅಂಚಿನಲ್ಲಿ ಕೊಟ್ಟ ಗ್ರಿಡ್-ಕಾಂತೀಯ ಕೋನವನ್ನು ಪ್ರತಿ ಸಲವೂ ಕೂಡಿಸಬೇಕು ಇಲ್ಲವೇ ಕಳೆಯಬೇಕು. ಕೋನ ಪೂರ್ವಕ್ಕಿದ್ದರೆ ನಕ್ಷೆಯಿಂದ ಕಂಪಾಸಿಗೆ ಬರುವಾಗ ಕಳೆಯಿರಿ, ಕಂಪಾಸಿನಿಂದ ನಕ್ಷೆಗೆ ಹೋಗುವಾಗ ಕೂಡಿಸಿ, ಪಶ್ಚಿಮಕ್ಕಿದ್ದರೆ ತಿರುವುಮುರುವು. ದಣಿದ ತಲೆ ಇಲ್ಲಿಯೇ ಎಡವುವುದು. 8 ಡಿಗ್ರಿ ಕಳೆಯುವ ಬದಲು ಕೂಡಿಸಿದರೆ ತಪ್ಪು 16 ಡಿಗ್ರಿ, 2 ಕಿಲೋಮೀಟರ್ ನಡೆದ ಮೇಲೆ 500 ಮೀಟರಿಗೂ ಮಿಕ್ಕಿ ಪಕ್ಕದಲ್ಲಿರುತ್ತೀರಿ. ಈ ಒಂದು ವಿಷಯದಲ್ಲಿ ವಿನ್ಯಾಸವನ್ನು ಸಮರ್ಥಿಸಲು ಮನಸ್ಸು ಬರುವುದಿಲ್ಲ, ತಿರುಪೊಂದು ಇರಬಹುದಿತ್ತು.

ಕಬ್ಬಿಣದ ಅಥವಾ ವಿದ್ಯುತ್ ತಂತಿಯ ಬಳಿ ಓದಿದರೆ ಯಾವ ಕಂಪಾಸೂ ಸುಳ್ಳಾಡುತ್ತದೆ. ಸೇನೆಯ ಪಾಠದಲ್ಲಿ ಕೊಡುವ ಅಂತರಗಳು: ಹೈಟೆನ್ಷನ್ ತಂತಿಗೆ 55 ಮೀಟರ್, ಲಾರಿ ಅಥವಾ ಟ್ಯಾಂಕಿಗೆ 18, ಮುಳ್ಳುತಂತಿಗೆ 10, ಮೆಷಿನ್ ಗನ್‌ಗೆ 2, ರೈಫಲ್ಲಿಗೆ ಅರ್ಧ. ಬಂದೂಕು ಎದೆಗೆ ನೇತುಹಾಕಿಕೊಂಡು ಓದುವವರು ಕೊನೆಯ ಅಂಕಿಯನ್ನು ಇನ್ನೊಮ್ಮೆ ನೋಡಲಿ.

ನಕ್ಷೆಯ ಮೇಲೆ ಕೋನ ಅಳೆಯಲು ಪ್ರೊಟ್ರ್ಯಾಕ್ಟರ್ ಬೇರೆಯೇ ಬೇಕು. ಪಾರದರ್ಶಕ ತಳದ ಕಂಪಾಸಿನಂತೆ ಇದನ್ನು ನಕ್ಷೆಗಿಟ್ಟು ಬೇರಿಂಗ್ ತೆಗೆಯಲಾಗದು. ಪಕ್ಕದಲ್ಲಿ 1:50,000 ಅಳತೆಪಟ್ಟಿ ಇದೆ, ದೂರ ನೋಡಲು ಅನುಕೂಲ. ವಾರಾಂತ್ಯದ ಚಾರಣಿಗರಿಗೆ ಇದು ಬೇಡ, ಪಾರದರ್ಶಕ ತಳದ್ದೇ ಒಳ್ಳೆಯದು. ಸೇನಾ ಪರೀಕ್ಷೆ, ಎನ್‌ಸಿಸಿ ನಕ್ಷೆ ಪಾಠ, ರಾತ್ರಿ ಗಸ್ತಿನ ಅಭ್ಯಾಸ ಇರುವವರು 3ಎಚ್ ತೆಗೆದುಕೊಳ್ಳಬಹುದು. ತಂದ ದಿನವೇ ದಿಕ್ಕು ಗೊತ್ತಿರುವ ಗೆರೆಯೊಂದಕ್ಕೆ ಹಿಡಿದು ನೋಡಿ. 3 ಡಿಗ್ರಿ ಅಥವಾ ಹೆಚ್ಚು ವ್ಯತ್ಯಾಸ ಬಂದರೆ ವಾಪಸ್ ಮಾಡಿ.