ಹಳೇ ಆಂಪ್ಲಿಫೈಯರ್ ರಿಪೇರಿಗೆ ಕೊಡುವ ಮುಂಚೆ ಇದನ್ನೊಮ್ಮೆ ಓದಿ

ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆ ಅಟ್ಟದಲ್ಲಿ ಹಳೇ ಸ್ಟೀರಿಯೋ ಆಂಪ್ಲಿಫೈಯರ್ ಇಟ್ಟುಕೊಂಡಿರೋ ಮನೆಗಳು ಬೇಕಾದಷ್ಟಿವೆ. ರೆಕಾರ್ಡು, ಟರ್ನ್‌ಟೇಬಲ್ ಹುಚ್ಚು ಮತ್ತೆ ಹತ್ತಿಕೊಂಡ ಮೇಲೆ ಒಬ್ಬೊಬ್ಬರೇ ಇಳಿಸಿ ಧೂಳು ಕೊಡವುತ್ತಿದ್ದಾರೆ. ಅಂಗಡಿಗೆ ಒಯ್ಯುವ ಮುಂಚೆ ನಮ್ಮನೆ ಸೆಟ್ಟಿಗೆ ಆಗಿದ್ದನ್ನು ಕೇಳಿ. ರಿಪೇರಿ ಮಾಡಿಸಿದ ಮೇಲೆ ನಮ್ಮ ಸ್ಪೀಕರ್ ಸುಟ್ಟುಹೋಯಿತು. ಅಂಗಡಿ ಹೆಸರು ಹಾಕುವುದಿಲ್ಲ, ಈ ಥರ ಕೆಲಸ ಮಾಡುವವರು ಅವರೊಬ್ಬರೇ ಅಲ್ಲ.

ಅಪ್ಪ ಎಂಬತ್ತರ ದಶಕದಲ್ಲಿ ತಂದ ಸೆಟ್ಟು ಅದು, ಚಾನೆಲ್‌ಗೆ 40 ವ್ಯಾಟ್. ಔಟ್‌ಪುಟ್‌ನಲ್ಲಿ, ಅಂದರೆ ಸ್ಪೀಕರ್‌ಗೆ ಕರೆಂಟ್ ಕೊಡುವ ಕಡೆ, 2ಎನ್3055 ಅನ್ನೋ ಟ್ರಾನ್ಸಿಸ್ಟರ್, ಜೋಡಿಗೆ ಎಂಜೆ2955. ಮಳೆಗಾಲದಲ್ಲಿ ಒಂದು ಸಂಜೆ ಬಲಗಡೆ ಗುಂಯ್ ಅಂದು ಫ್ಯೂಸ್ ಹೋಯಿತು. ಶಿವಮೊಗ್ಗದ ಅಂಗಡಿಗೆ ಕೊಟ್ಟೆವು. "ಔಟ್‌ಪುಟ್ ಹೋಗಿತ್ತು ಸಾರ್, ಒರಿಜಿನಲ್ಲೇ ಹಾಕಿದೀನಿ" ಅಂತ ದುಡ್ಡು ತಗೊಂಡು ವಾಪಸ್ ಕೊಟ್ಟರು. ಹಳೇ ಪಾರ್ಟು ಕೇಳಿದರೆ "ಅದೆಲ್ಲ ಕಸಕ್ಕೆ ಹೋಯ್ತು" ಅಂದರು.

ಮನೆಯಲ್ಲಿ ಹಚ್ಚಿದಾಗ ಒಂದೆರಡು ಹಾಡು ಚೆನ್ನಾಗೇ ಬಂತು. ಆಮೇಲೆ ಬಲಗಡೆ ವೂಫರ್ (ದಪ್ಪ ಸ್ವರದ ದೊಡ್ಡ ಸ್ಪೀಕರ್) 'ಡಬ್' ಅಂತು. ಕೋನ್ ಪೂರ್ತಿ ಮುಂದಕ್ಕೆ ಬಂದು ಅಲ್ಲೇ ನಿಂತಿತು. ಅಲುಗಾಟ ಇಲ್ಲ, ಸದ್ದಿಲ್ಲ. ವಾರ್ನಿಷ್ ಸುಟ್ಟ ವಾಸನೆ ಬಂತು, ನಡುವಿನ ಡಸ್ಟ್ ಕ್ಯಾಪ್ ಸುತ್ತ ಸಣ್ಣಗೆ ಹೊಗೆ. ಓಡಿ ಹೋಗಿ ಸ್ವಿಚ್ ಆರಿಸುವಷ್ಟರಲ್ಲಿ ವಾಯ್ಸ್ ಕಾಯಿಲ್, ಅಂದರೆ ಕೋನನ್ನು ಅಲುಗಿಸುವ ತಂತಿ ಸುರುಳಿ, ಮುಗಿದಿತ್ತು.

ಕಾರಣ ಹೇಳಿಕೊಟ್ಟವರು ಸಾಗರದ ಹತ್ತಿರದ ಒಬ್ಬ ಹಿರಿಯರು, ಟೂರಿಂಗ್ ಟಾಕೀಸ್ ಕಾಲದಿಂದ ಸೌಂಡ್ ಕೆಲಸ ಮಾಡಿದವರು. ಮುಚ್ಚಳ ತೆಗೆದ ಕೂಡಲೇ ಅವರ ಕೈ ಹೋಗಿದ್ದು ಬೋರ್ಡಿನ ಫ್ಯೂಸ್‌ಗೆ. 2 ಆಂಪಿಯರ್ ಗಾಜಿನ ಫ್ಯೂಸ್ ಇರಬೇಕಾದ ಜಾಗದಲ್ಲಿ ತಾಮ್ರದ ವೈರಿನ ಎಳೆ ಸುತ್ತಿಟ್ಟಿದ್ದರು. "ಇದನ್ನ ನೋಡಿದ ಮೇಲೆ ಉಳಿದದ್ದು ನೋಡೋದೇ ಬೇಡ ಮಾರಾಯ್ರೇ" ಅಂದರು. ಅಂದವರು ಸಂಜೆವರೆಗೂ ಕೂತು ನೋಡಿದರು.

ಹೊಸದಾಗಿ ಹಾಕಿದ 3055ರ ತಗಡಿನ ಟೋಪಿಯನ್ನು ಹ್ಯಾಕ್ಸಾದಲ್ಲಿ ಕೊಯ್ದು ತೋರಿಸಿದರು. ಅಸಲಿ ಮಾಲಿನಲ್ಲಿ ಒಳಗೆ ಕಣ್ಣಿಗೆ ಎದ್ದು ಕಾಣುವ ಚಿಪ್ ಇರುತ್ತದಂತೆ, ಇದರಲ್ಲಿ ರಾಗಿಕಾಳಿನಷ್ಟು ಚುಕ್ಕೆ. 3055 ಅಂದರೆ 15 ಆಂಪಿಯರ್, 115 ವ್ಯಾಟ್ ತಡೆಯಬೇಕಾದ ಟ್ರಾನ್ಸಿಸ್ಟರ್, ಅದೂ ಕ್ಯಾನ್ (ಅದರ ಲೋಹದ ಮೈ) 25 ಡಿಗ್ರಿಯಲ್ಲಿ ತಣ್ಣಗಿದ್ದಾಗಿನ ಲೆಕ್ಕ. ಇಲ್ಲಿ ತಣ್ಣಗಿರೋಕೆ ದಾರಿಯೇ ಇರಲಿಲ್ಲ. ಟ್ರಾನ್ಸಿಸ್ಟರ್‌ಗೂ ಬಿಸಿ ಎಳೆಯುವ ಹೀಟ್‌ಸಿಂಕ್‌ಗೂ ನಡುವೆ ಕರೆಂಟ್ ತಡೆಯೋಕೆ ಇಡುವ ಮೈಕಾ ಹಾಳೆ ಒಡೆದಿದ್ದರೂ ಹಳೇದನ್ನೇ ವಾಪಸ್ ಹಾಕಿ, ಬಿಸಿ ದಾಟಿಸುವ ಪೇಸ್ಟ್ ಹಚ್ಚದೆ ಸ್ಕ್ರೂ ಬಿಗಿದಿದ್ದರು. ಆ ಕ್ಯಾನೇ ಕಲೆಕ್ಟರ್, ಅಂದರೆ ಟ್ರಾನ್ಸಿಸ್ಟರ್‌ನ ಕರೆಂಟ್ ಇರುವ ಒಂದು ಕಾಲು, ಪುಣ್ಯಕ್ಕೆ ಹೀಟ್‌ಸಿಂಕ್‌ಗೆ ತಾಗಿರಲಿಲ್ಲ.

ನನಗೆ ಹೆಚ್ಚು ಸಿಟ್ಟು ಬಂದಿದ್ದು ಇದಕ್ಕಲ್ಲ. ಮೊದಲ ಸಲ ಔಟ್‌ಪುಟ್ ಯಾಕೆ ಹೋಯಿತು ಅಂತ ಅಂಗಡಿಯವರು ನೋಡೇ ಇರಲಿಲ್ಲ. ಬಯಾಸ್ (ಹಾಡಿಲ್ಲದಾಗಲೂ ಔಟ್‌ಪುಟ್‌ನಲ್ಲಿ ಸ್ವಲ್ಪ ಕರೆಂಟ್ ಹರಿಸುವುದು) ಹೊಂದಿಸುವ ಪ್ರೀಸೆಟ್, ಅಂದರೆ ತಿರುಗಿಸುವ ಸಣ್ಣ ರೆಸಿಸ್ಟರ್, ನಮ್ಮ ಕಡೆಯ ಥಂಡಿಗೆ ಕಿಲುಬು ಹಿಡಿದಿತ್ತು. ನಮ್ಮ ಸೆಟ್ಟಿನ ಸರ್ಕ್ಯೂಟ್‌ನಲ್ಲಿ ಅದರ ನಡುವಿನ ಕಾಲು ಸಂಪರ್ಕ ಬಿಟ್ಟರೆ ಬಯಾಸ್ ಒಮ್ಮೆಲೇ ಏರುತ್ತದೆ, ಔಟ್‌ಪುಟ್ ಕಾದು ಶಾರ್ಟ್ ಆಗುತ್ತದೆ. ಪ್ರೀಸೆಟ್ ಬದಲಾಯಿಸದಿದ್ದರೆ ಅಸಲಿ 3055 ಹಾಕಿದ್ದರೂ ಇದೇ ಗತಿ.

ಶಾರ್ಟ್ ಆದ ಕೂಡಲೇ ಸಪ್ಲೈನ 28 ವೋಲ್ಟ್ ಡಿ.ಸಿ. (ಒಂದೇ ದಿಕ್ಕಿಗೆ ಹರಿಯುವ ಕರೆಂಟ್) ನೇರ ಸ್ಪೀಕರ್‌ಗೆ ಬಂತು. 8 ಓಮ್‌ಗೆ ಲೆಕ್ಕ ಹಾಕಿದರೆ ಹತ್ತಿರಹತ್ತಿರ 100 ವ್ಯಾಟ್, ಅದೂ ಬಿಡದೆ ಒಂದೇ ಸಮ. ಇನ್ನೂ ಹಳೇ ಕೆಲವು ಸೆಟ್‌ಗಳಲ್ಲಿ ಔಟ್‌ಪುಟ್‌ಗೂ ಸ್ಪೀಕರ್‌ಗೂ ನಡುವೆ ದೊಡ್ಡ ಕೆಪಾಸಿಟರ್ ಇದ್ದು ಡಿ.ಸಿ.ಯನ್ನು ತಡೆಯುತ್ತದೆ. ನಮ್ಮದರಲ್ಲಿ ಅದೂ ಇಲ್ಲ, ಡಿ.ಸಿ. ಬಂದರೆ ಸ್ಪೀಕರ್ ಸಂಪರ್ಕ ಕಡಿಯುವ ಪ್ರೊಟೆಕ್ಷನ್ ರಿಲೇಯೂ ಇಲ್ಲ. ಇದ್ದ ಒಂದು ಫ್ಯೂಸನ್ನೂ ತೆಗೆದು ತಂತಿ ಸುತ್ತಿದ್ದರು.

ಹಾಗಾಗಿ ಕೊಡುವಾಗಲೇ ಹೇಳಿಬಿಡಿ: ಬದಲಾಯಿಸಿದ ಹಳೇ ಪಾರ್ಟೆಲ್ಲ ವಾಪಸ್ ಬೇಕು, ಫ್ಯೂಸ್ ಎಷ್ಟು ಆಂಪಿಯರ್ ಅಂತ ಬರೆದಿದೆಯೋ ಅಷ್ಟರದ್ದೇ ಹಾಕಬೇಕು. ತರುವಾಗ ಸ್ಪೀಕರ್ ಇಲ್ಲದೆ ಆನ್ ಮಾಡಿಸಿ, ಎರಡೂ ಕಡೆ ಸ್ಪೀಕರ್ ಟರ್ಮಿನಲ್‌ಗೆ ಡಿ.ಸಿ. ಮೀಟರ್ ಹಿಡಿಸಿ ನೋಡಿ. 50 ಮಿಲಿವೋಲ್ಟ್ ಒಳಗಿದ್ದರೆ ಸರಿ. ವೋಲ್ಟ್‌ಗಟ್ಟಲೆ ತೋರಿಸಿದರೆ ಅಲ್ಲೇ ಬಿಟ್ಟು ಬನ್ನಿ. ಬಿಸಿಯಾಗುವವರೆಗೆ ಓಡಿಸಿ ಇನ್ನೊಮ್ಮೆ ಅಳೆಯಿರಿ, ನಮ್ಮದು ಕೈಕೊಟ್ಟಿದ್ದು ಬಿಸಿಯಾದ ಮೇಲೆ.

ಸೀರೀಸ್ ಬಲ್ಬ್ ಇದೆಯಾ ಅಂತ ಕೇಳುವುದನ್ನು ಮಾತ್ರ ಮರೆಯಬೇಡಿ. 60 ಅಥವಾ 100 ವ್ಯಾಟ್‌ನ ತಂತಿ ಬಲ್ಬನ್ನು ಫೇಸ್ ಲೈನಿನಲ್ಲಿ ಸೀರೀಸ್ ಕೊಟ್ಟು ಸೆಟ್ ಆನ್ ಮಾಡುವುದು, ಅಷ್ಟೇ. ಒಳಗೆ ಶಾರ್ಟ್ ಇದ್ದರೆ ಬಲ್ಬ್ ಪೂರ್ತಿ ಉರಿಯುತ್ತದೆ. 60 ವ್ಯಾಟ್ ಬಲ್ಬಾದರೆ ಕಾಲು ಆಂಪಿಯರ್‌ಗಿಂತ ಹೆಚ್ಚು ಕರೆಂಟ್ ಹೆಚ್ಚುಕಮ್ಮಿ ಹೋಗುವುದೇ ಇಲ್ಲ. ಸೆಟ್ ಸರಿ ಇದ್ದರೆ ಕೆಪಾಸಿಟರ್ ತುಂಬುವಾಗ ಒಂದು ಕ್ಷಣ ಹೊಳೆದು ಮಂಕಾಗುತ್ತದೆ. ಹಿರಿಯರು ಹೊಸ ಪ್ರೀಸೆಟ್, ಅಸಲಿ ಜೋಡಿ ಹಾಕಿ ಹೀಗೇ ಆನ್ ಮಾಡಿದ್ದು, ಆಮೇಲೆ ಔಟ್‌ಪುಟ್ ಟ್ರಾನ್ಸಿಸ್ಟರ್ ಜೊತೆಗಿನ 0.33 ಓಮ್ ರೆಸಿಸ್ಟರ್ ಮೇಲೆ 10 ಮಿಲಿವೋಲ್ಟ್ ಬರುವ ಹಾಗೆ ಬಯಾಸ್ ಇಟ್ಟರು, ಅಂದರೆ ಸುಮಾರು 30 ಮಿಲಿಆಂಪಿಯರ್. ಎಲ್‌ಇಡಿ, ಸಿಎಫ್‌ಎಲ್ ಬಲ್ಬ್ ಇದಕ್ಕೆ ಆಗುವುದಿಲ್ಲ. ತಂತಿ ಬಲ್ಬ್ ಈಗ ಎಲ್ಲ ಅಂಗಡಿಯಲ್ಲೂ ಸಿಗಲ್ಲ, ದೇವರ ಮನೆಯಲ್ಲೋ ಕೊಟ್ಟಿಗೆಯಲ್ಲೋ ಹಳೇದು ಉಳಿದಿದ್ದರೆ ತೆಗೆದಿಟ್ಟುಕೊಳ್ಳಿ.