ಅಮೆರಿಕದ ಅಂತರ್ಯುದ್ಧದ ಬೋರ್ಡ್ ಗೇಮ್: 1861ರ ಬಲಾಬಲವನ್ನು ಸರಿಯಾಗಿ ತೂಗಿದೆಯೇ?

ಅಮೆರಿಕದ ಅಂತರ್ಯುದ್ಧವನ್ನು ಆಧರಿಸಿ ಇಬ್ಬರು ಆಡಬಹುದಾದ ಈ ಬೋರ್ಡ್ ಗೇಮನ್ನು ಆನ್‌ಲೈನ್‌ನಲ್ಲಿ ತರಿಸಿಕೊಂಡು, ಎರಡು ತಿಂಗಳಲ್ಲಿ ತಮ್ಮನೊಂದಿಗೆ ಆರು ಬಾರಿ ಆಡಿದ ಮೇಲೆ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ನಕಾಶೆ ಸ್ಪಷ್ಟವಾಗಿದೆ, ಕಾಯಿಗಳು ಗಟ್ಟಿಯಾಗಿವೆ. ಆ ಬಗ್ಗೆ ದೂರಿಲ್ಲ. ನನಗೆ ಮುಖ್ಯವಾಗಿದ್ದ ಪ್ರಶ್ನೆ ಒಂದೇ. 1861ರ ಏಪ್ರಿಲ್‌ನಲ್ಲಿ ಸಮ್ಟರ್ ಕೋಟೆಯ ಮೇಲೆ ಫಿರಂಗಿಗಳು ಸಿಡಿದು ಯುದ್ಧ ಶುರುವಾದಾಗ ಉತ್ತರಕ್ಕೂ ದಕ್ಷಿಣಕ್ಕೂ ಇದ್ದ ಅನುಕೂಲಗಳನ್ನು ಈ ಆಟ ಪ್ರಾಮಾಣಿಕವಾಗಿ ಹಂಚಿದೆಯೇ?

ಅಂಕಿಗಳನ್ನಷ್ಟೇ ನೋಡಿದರೆ ಯುದ್ಧದ ಫಲಿತಾಂಶ ಮೊದಲೇ ನಿಶ್ಚಯವಾಗಿದ್ದಂತೆ ಕಾಣುತ್ತದೆ. ಉತ್ತರದಲ್ಲಿ ಸುಮಾರು 2.2 ಕೋಟಿ ಜನರಿದ್ದರು. ಒಕ್ಕೂಟವನ್ನು ತೊರೆದ ದಕ್ಷಿಣದ 11 ರಾಜ್ಯಗಳಲ್ಲಿ ಇದ್ದವರು ಸುಮಾರು 90 ಲಕ್ಷ, ಅವರಲ್ಲಿಯೂ 35 ಲಕ್ಷ ಮಂದಿ ಗುಲಾಮಗಿರಿಯಲ್ಲಿದ್ದವರು. ಕಾರ್ಖಾನೆಗಳ ಉತ್ಪಾದನೆಯಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಉತ್ತರದ್ದಾಗಿತ್ತು. ಆದರೆ ಆ ಬಲ ಅಂದೇ ಕೈಗೆ ಸಿಗುವಂಥದ್ದಾಗಿರಲಿಲ್ಲ. ಸುಮಾರು 16,000 ಮಂದಿಯ ಕಾಯಂ ಸೈನ್ಯದ ಬಹುಭಾಗ ಪಶ್ಚಿಮದ ದೂರದ ಠಾಣೆಗಳಲ್ಲಿ ಚದುರಿತ್ತು. ಸುಮಾರು 3,500 ಮೈಲಿ ಉದ್ದದ ದಕ್ಷಿಣದ ಕರಾವಳಿಗೆ ಲಿಂಕನ್ ದಿಗ್ಬಂಧನ ಘೋಷಿಸಿದಾಗ ಅದನ್ನು ಕಾಯಲು ಬೇಕಾದಷ್ಟು ಹಡಗುಗಳೇ ಇರಲಿಲ್ಲ. ಆಟ ಇದನ್ನು ಅಚ್ಚುಕಟ್ಟಾಗಿ ಹಿಡಿದಿದೆ: ಉತ್ತರದ ಕಾರ್ಖಾನೆಯ ಬಿಲ್ಲೆಗಳು ಮೊದಲ ನಾಲ್ಕು ಸುತ್ತು ಮಗುಚಿಯೇ ಇರುತ್ತವೆ, ಬಲವಿದ್ದೂ ಬಳಸಲಾಗದ ಆ ಚಡಪಡಿಕೆ ಆಡುವವರಿಗೆ ಚೆನ್ನಾಗಿ ತಟ್ಟುತ್ತದೆ.

ದಕ್ಷಿಣದ ಅನುಕೂಲಗಳ ಸ್ವಭಾವವೇ ಬೇರೆ. ಅವು ತಕ್ಷಣ ಕೆಲಸಕ್ಕೆ ಬರುವಂಥವು, ಹಾಗೆಯೇ ದಿನಗಳೆದಂತೆ ಸವೆಯುವಂಥವು. ರಾಬರ್ಟ್ ಲೀ ಅವರಂಥ ಅನುಭವಿ ಅಧಿಕಾರಿಗಳು ಅಮೆರಿಕದ ಸೈನ್ಯಕ್ಕೆ ರಾಜೀನಾಮೆ ಕೊಟ್ಟು ದಕ್ಷಿಣದ ಕಡೆಗೆ ಬಂದಿದ್ದರು. ವರ್ಜೀನಿಯಾದ ನಾರ್ಫೋಕ್‌ನ ನೌಕಾಕಟ್ಟೆಯಲ್ಲಿ ಸಾವಿರಕ್ಕೂ ಹೆಚ್ಚು ಫಿರಂಗಿಗಳು ಸಿಕ್ಕಿದ್ದವು. ಎಲ್ಲಕ್ಕಿಂತ ಮಿಗಿಲಾಗಿ, ಉತ್ತರ ಗೆಲ್ಲಲು ವಿಶಾಲವಾದ ನೆಲವನ್ನು ವಶಪಡಿಸಿಕೊಳ್ಳಬೇಕಿತ್ತು, ದಕ್ಷಿಣಕ್ಕೆ ಸೋಲದೆ ಉಳಿದರೆ ಸಾಕಿತ್ತು. 1861ರ ಜುಲೈ 21ರಂದು ಬುಲ್ ರನ್ ಕದನದಲ್ಲಿ ದಕ್ಷಿಣದ ಸೇನಾನಿ ಜೋಸೆಫ್ ಜಾನ್‌ಸ್ಟನ್ ಶೆನಂಡೋವಾ ಕಣಿವೆಯ ಪಡೆಗಳನ್ನು ರೈಲಿನಲ್ಲಿ ತಂದು ಗೆಲುವಿಗೆ ನೆರವಾದುದನ್ನು ಒಂದು ಕಾರ್ಡು ಸೊಗಸಾಗಿ ಆಟಕ್ಕೆ ತಂದಿದೆ. ಅದೇ ಹಳಿಗಳು ಮುಂದೆ ದುರಸ್ತಿಯಿಲ್ಲದೆ ಹಾಳಾದುದಕ್ಕೂ, ಭಾರಿ ಫಿರಂಗಿಗಳಿಗಾಗಿ ದಕ್ಷಿಣ ಬಹುಮಟ್ಟಿಗೆ ರಿಚ್ಮಂಡ್‌ನ ಟ್ರೆಡೆಗರ್ ಕಾರ್ಖಾನೆಯೊಂದನ್ನೇ ನೆಚ್ಚಬೇಕಾಗಿ ಬಂದುದಕ್ಕೂ ನಿಯಮಗಳಿವೆ.

ಹತ್ತಿಯ ಕಾರ್ಡಿನ ಬಗ್ಗೆ ಮಾತ್ರ ನನಗೆ ಬಲವಾದ ತಕರಾರಿದೆ. ದಾಳದಲ್ಲಿ ಆರು ಬಿದ್ದರೆ ಬ್ರಿಟನ್ ದಕ್ಷಿಣದ ಪರವಾಗಿ ನಿಲ್ಲುತ್ತದೆ. ಹತ್ತಿಯನ್ನು ತಡೆಹಿಡಿದರೆ ಬ್ರಿಟನ್ ಬಗ್ಗುತ್ತದೆಂದು ದಕ್ಷಿಣದ ನಾಯಕರು ನಂಬಿದ್ದುದು ನಿಜವಾದರೂ, ಹಿಂದಿನ ವರ್ಷದ ಭಾರಿ ಬೆಳೆಯಿಂದ ಅಲ್ಲಿನ ಗಿರಣಿಗಳಲ್ಲಿ ದಾಸ್ತಾನು ತುಂಬಿತ್ತು. ಕೊರತೆ ಬಿಗಿಯಾದ ಮೇಲೆ ಅವು ಈಜಿಪ್ಟ್ ಮತ್ತು ಭಾರತದ ಕಡೆಗೆ ತಿರುಗಿದವು. ನಮ್ಮ ಧಾರವಾಡ ಸೀಮೆಯ ಹತ್ತಿಗೂ ಆಗ ಬೇಡಿಕೆ ಏರಿತ್ತು, ಕುಮಟಾ ಬಂದರಿನ ಹೆಸರೇ ಹತ್ತಿಯ ಒಂದು ಬಗೆಗೆ ವ್ಯಾಪಾರದ ಹೆಸರಾಗಿತ್ತು. ಆಟದ ನಕಾಶೆಯಲ್ಲಿ ಇದ್ಯಾವುದಕ್ಕೂ ಜಾಗವಿಲ್ಲ.

ಇದಕ್ಕಿಂತ ದೊಡ್ಡ ಕೊರತೆ, ನನ್ನನ್ನು ನೋಯಿಸಿದ ಕೊರತೆ, ಗುಲಾಮಗಿರಿಯಲ್ಲಿದ್ದ ಆ 35 ಲಕ್ಷ ಜನರನ್ನು ಆಟವು ದಕ್ಷಿಣದ ‘ದುಡಿಮೆ’ ಬಿಲ್ಲೆಗಳಾಗಿ ಮಾತ್ರ ಕಂಡಿರುವುದು. ಅವರ ದುಡಿಮೆಯಿಂದಾಗಿಯೇ ಅಷ್ಟೊಂದು ಬಿಳಿಯ ಗಂಡಸರು ಯುದ್ಧಕ್ಕೆ ಹೋಗಲು ಸಾಧ್ಯವಾಯಿತೆಂಬುದು ಸರಿ. ಆದರೆ 1861ರ ಮೇ ತಿಂಗಳಲ್ಲೇ ಮೂವರು ತಪ್ಪಿಸಿಕೊಂಡು ವರ್ಜೀನಿಯಾದ ಮನ್ರೋ ಕೋಟೆಯಲ್ಲಿದ್ದ ಉತ್ತರದ ಪಡೆಗಳ ಆಶ್ರಯ ಪಡೆದರು, ಆ ಮೂವರನ್ನು ಹಿಂದಿರುಗಿಸಲು ಅಲ್ಲಿನ ಸೇನಾನಿ ಜನರಲ್ ಬಟ್ಲರ್ ನಿರಾಕರಿಸಿದರು, ಆ ಮೂವರ ಹಿಂದೆ ಸಾವಿರಾರು ಜನ ಬಂದರು. ದಕ್ಷಿಣದ ಅತಿ ದೊಡ್ಡ ಅನುಕೂಲ ತನ್ನ ಕಾಲ ಮೇಲೆ ತಾನೇ ನಡೆದು ಎದುರು ಪಾಳೆಯಕ್ಕೆ ಹೋಗತೊಡಗಿತ್ತು.

ಹೀಗಾಗಿ ನಾವೇ ಒಂದು ನಿಯಮವನ್ನು ಸೇರಿಸಿಕೊಂಡೆವು: ಉತ್ತರದ ಪಡೆ ದಕ್ಷಿಣದ ನೆಲದಲ್ಲಿ ಎಲ್ಲಿ ನಿಂತರೂ, ಪ್ರತಿ ಸುತ್ತಿನಲ್ಲಿ ಪಕ್ಕದ ಒಂದು ದುಡಿಮೆಯ ಬಿಲ್ಲೆ ಉತ್ತರಕ್ಕೆ ಸೇರಬೇಕು. ಕೊನೆಯ ಎರಡು ಆಟಗಳನ್ನು ಹಾಗೆ ಆಡಿದೆವು; ಎರಡರಲ್ಲಿಯೂ ದಕ್ಷಿಣದ ಪರ ಆಡಿದವರು ಮೊದಲ ವರ್ಷದಲ್ಲೇ ಅವಸರದಿಂದ ದಾಳಿಗಿಳಿಯಬೇಕಾಯಿತು. ಐದರಲ್ಲಿ ಮೂರೂವರೆ ಅಂಕ ಕೊಡುತ್ತೇನೆ.