ಚಿಪ್ಪಿಗೆ ಗೊತ್ತಿಲ್ಲದ ಟೈಪುಗಳು: ಹಿಗ್ಗಿಸುವುದೋ, ಸೀಳುವುದೋ, ಲೈಬ್ರರಿಗೆ ಒಪ್ಪಿಸುವುದೋ?

ಮೂಡಿಗೆರೆ ಕಡೆ ನಮ್ಮ ಚಿಕ್ಕಪ್ಪನ ಕಾಫಿ ತೋಟದಲ್ಲಿ ಮಳೆ ಅಳೆಯುವ ಪೆಟ್ಟಿಗೆಯೊಂದಿದೆ. ಒಳಗಿನ ಪುಟ್ಟ ಬಟ್ಟಲು ಇಂಚಿನ ನೂರನೇ ಒಂದು ಭಾಗದಷ್ಟು ಮಳೆ ತುಂಬಿದಾಗಲೆಲ್ಲ ಒಮ್ಮೆ ಮಗುಚುತ್ತದೆ, ಮಗುಚಿದ್ದನ್ನು ಒಂದು 32-ಬಿಟ್ ರಿಸ್ಕ್-ಫೈವ್ (ಚಿಪ್ಪುಗಳ ಒಂದು ವಿನ್ಯಾಸ) ಚಿಪ್ ಎಣಿಸುತ್ತದೆ. ಆ ಚಿಪ್ಪಿಗಾಗಿ ಹಾಸನದ ಮನೆಯಲ್ಲಿ ಕುಳಿತು ನಾನೊಂದು ಚಿಕ್ಕ ಪ್ರೋಗ್ರಾಮಿಂಗ್ ಭಾಷೆಯನ್ನೂ, ಅದನ್ನು ಚಿಪ್ಪಿಗೆ ತಿಳಿಯುವ ಸೂಚನೆಗಳಾಗಿ ಬದಲಿಸುವ ಕಂಪೈಲರನ್ನೂ ಬರೆದೆ. ಭಾಷೆಯಲ್ಲಿ 8, 16, 32, 64 ಬಿಟ್ಟಿನ ಪೂರ್ಣಾಂಕಗಳು, ದಶಮಾಂಶ ಸಂಖ್ಯೆಗಳಿಗೆಂದು ಫ್ಲೋಟ್ ಎಂಬ ಟೈಪುಗಳು (ಮೌಲ್ಯಗಳ ಬಗೆಗಳು) ಇದ್ದವು. ಚಿಪ್ಪಿನ ಮಾದರಿ ಆರ್‌ವಿ32ಐಎಂ ಆಗಿದ್ದರಿಂದ ಅದರಲ್ಲಿ 32 ಬಿಟ್ಟಿನ ರಿಜಿಸ್ಟರುಗಳು (ಲೆಕ್ಕ ಮಾಡುವಾಗ ಚಿಪ್ ಸಂಖ್ಯೆಗಳನ್ನು ಇಟ್ಟುಕೊಳ್ಳುವ ಜಾಗಗಳು) ಮತ್ತು ಗುಣಾಕಾರ, ಭಾಗಾಕಾರ ಸೇರಿದಂತೆ 32 ಬಿಟ್ಟಿನ ಪೂರ್ಣಾಂಕಗಳ ಲೆಕ್ಕಗಳು ಮಾತ್ರ ಇದ್ದವು. ಉಳಿದ ಟೈಪುಗಳನ್ನು ಏನು ಮಾಡಬೇಕೆಂಬುದಕ್ಕೆ ನಾಲ್ಕು ದಾರಿಗಳನ್ನು ಪ್ರಯೋಗಿಸಿ ನೋಡಿದೆ.

ಚಿಕ್ಕ ಟೈಪುಗಳ ವಿಚಾರ ಸುಲಭವಾಗಿ ಮುಗಿಯುತ್ತದೆ. ಅವನ್ನು 32 ಬಿಟ್ಟಿಗೆ ಹಿಗ್ಗಿಸುವುದನ್ನು ಬಿಟ್ಟು ಬೇರೆ ಉಪಾಯವಿಲ್ಲ. ಇರುವ ಪ್ರಶ್ನೆಯೆಂದರೆ ಮೇಲಿನ ಬಿಟ್ಟುಗಳನ್ನು ಯಾವಾಗ ಶುಚಿಗೊಳಿಸಬೇಕು ಎಂಬುದೊಂದೇ. 8 ಬಿಟ್ಟಿನಲ್ಲಿ 250ಕ್ಕೆ 10 ಕೂಡಿಸಿದರೆ 4 ಬರಬೇಕು, ರಿಜಿಸ್ಟರಿನಲ್ಲಿ ಮಾತ್ರ 260 ಕುಳಿತಿರುತ್ತದೆ. ಮೊದಲು ನಾನು ಪ್ರತಿಯೊಂದು ಲೆಕ್ಕದ ಬೆನ್ನಿಗೂ ಶುಚಿಗೊಳಿಸಿದೆ. 8 ಬಿಟ್ಟಿಗೆ ಒಂದು ಸೂಚನೆ ಸಾಕಾಗುತ್ತದೆ, ಆದರೆ 65,535 ಎಂಬ ಸಂಖ್ಯೆ ಸೂಚನೆಯೊಳಗಿನ 12 ಬಿಟ್ಟಿನ ಜಾಗದಲ್ಲಿ ಹಿಡಿಸದ ಕಾರಣ 16 ಬಿಟ್ಟಿಗೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ಸರಿಸುವ ಎರಡು ಸೂಚನೆಗಳು ಬೇಕಾಗುತ್ತವೆ. ಕೂಡುವುದು, ಕಳೆಯುವುದು, ಗುಣಿಸುವುದು ಇವುಗಳ ಉತ್ತರದ ಕೆಳಗಿನ ಬಿಟ್ಟುಗಳು ಮೇಲಿನ ಕಸವನ್ನು ಅವಲಂಬಿಸಿರುವುದಿಲ್ಲ. ಆದ್ದರಿಂದ ಹೋಲಿಕೆ, ಭಾಗಾಕಾರ, ಬಲಕ್ಕೆ ಸರಿಸುವಿಕೆ ಬರುವವರೆಗೆ ಆ ಕೆಲಸವನ್ನು ಮುಂದೂಡುವುದೇ ಮೇಲೆಂದು ಬೇಗನೆ ಮನವರಿಕೆಯಾಯಿತು.

ನಿಜವಾದ ಪೈಪೋಟಿ ಇರುವುದು 64 ಬಿಟ್ಟಿನಲ್ಲಿ. ಒಂದು ಮೌಲ್ಯವನ್ನು ಕೆಳ ಅರ್ಧ, ಮೇಲರ್ಧ ಎಂದು ಸೀಳಿ ಸೂಚನೆಗಳನ್ನು ಅಲ್ಲೇ ಹೊರಡಿಸುವುದು ಒಂದು ದಾರಿ. ಲೆಕ್ಕವನ್ನು ಲೈಬ್ರರಿಯ, ಅಂದರೆ ಮೊದಲೇ ಬರೆದಿಟ್ಟ ಕೋಡಿನ ಭಂಡಾರದ, ಫಂಕ್ಷನ್ನಿಗೆ ಒಪ್ಪಿಸುವುದು ಇನ್ನೊಂದು. ಕೂಡುವಾಗ ಒಂದು ಉಳಿದು ಮೇಲಕ್ಕೆ ಹೋಯಿತೆಂದು ನೆನಪಿಡುವ ಕ್ಯಾರಿ ಫ್ಲ್ಯಾಗ್ ರಿಸ್ಕ್-ಫೈವ್‌ನಲ್ಲಿ ಇಲ್ಲ. ಶಾಲೆಯಲ್ಲಿ ಕೂಡುವ ಲೆಕ್ಕ ಕಲಿಸುವಾಗ ದಶಕವೆಂದು ತಲೆಯ ಮೇಲೆ ಬರೆಸುತ್ತಿದ್ದ ಆ ಒಂದನ್ನು ಇಲ್ಲಿ ನಾವೇ ಹುಡುಕಿಕೊಳ್ಳಬೇಕು: ಕೆಳ ಅರ್ಧಗಳ ಮೊತ್ತವು ಕೂಡಿಸಿದ ಸಂಖ್ಯೆಗಳಲ್ಲಿ ಒಂದಕ್ಕಿಂತ ಚಿಕ್ಕದಾಗಿದ್ದರೆ ದಶಕವಿದೆ ಎಂದರ್ಥ. ಅಷ್ಟಾದರೂ ಸಂಕಲನ ನಾಲ್ಕೇ ಸೂಚನೆಗಳಲ್ಲಿ ಮುಗಿಯುತ್ತದೆ. ಗುಣಾಕಾರಕ್ಕೆ ನಾಲ್ಕು ಗುಣಿಸುವ ಸೂಚನೆಗಳೂ ಎರಡು ಕೂಡುವ ಸೂಚನೆಗಳೂ ಬೇಕು. ಇವಕ್ಕೆ ಲೈಬ್ರರಿಯನ್ನು ಕರೆದರೆ, ಕರೆ ಮುಗಿದು ಬರುವಷ್ಟರಲ್ಲಿ ಏಳು ತಾತ್ಕಾಲಿಕ ರಿಜಿಸ್ಟರುಗಳೂ ಫಂಕ್ಷನ್ನಿಗೆ ಮೌಲ್ಯಗಳನ್ನು ಒಯ್ಯುವ ಎಂಟು ಆರ್ಗ್ಯುಮೆಂಟ್ ರಿಜಿಸ್ಟರುಗಳೂ ಕೈಬಿಟ್ಟವೆಂದೇ ಕಂಪೈಲರ್ ಭಾವಿಸಬೇಕಾಗುತ್ತದೆ; ನಾಲ್ಕು ಸೂಚನೆಗಳ ಕೆಲಸಕ್ಕೆ ಅದು ತೀರಾ ದುಬಾರಿ. ಭಾಗಾಕಾರದಲ್ಲಿ ತಕ್ಕಡಿ ಪೂರ್ತಿ ಆಚೆ ವಾಲುತ್ತದೆ. 64 ಬಿಟ್ಟಿನ ಭಾಗಾಕಾರವನ್ನು ಬಳಸಿದಲ್ಲೆಲ್ಲ ಬಿಡಿಸಿ ಬರೆಯುವುದು ಹುಚ್ಚುತನ. ಲೈಬ್ರರಿಯಲ್ಲಿ ಒಂದೇ ಪ್ರತಿ ಇರುವುದು ವಾಸಿ. ಬಿಟ್ಟುಗಳನ್ನು ಎಡಕ್ಕೋ ಬಲಕ್ಕೋ ಸರಿಸುವಾಗ, ಎಷ್ಟು ಸ್ಥಾನ ಸರಿಸಬೇಕೆಂಬುದು ಮೊದಲೇ ಗೊತ್ತಿರುವ ಕಡೆ ಸೀಳಿದೆ, ಗೊತ್ತಿಲ್ಲದ ಕಡೆ 32ರ ಗಡಿಗೆ ಕವಲು ಹಾಕಬೇಕಾಗುವುದರಿಂದ ಲೈಬ್ರರಿಯನ್ನೇ ಕರೆದೆ. ಹೀಗೆ ತೀರ್ಮಾನವು ಟೈಪಿಗೊಂದರಂತಿರದೆ ಲೆಕ್ಕಕ್ಕೊಂದರಂತೆ ಆಯಿತು. ಕಂಪೈಲರುಗಳನ್ನು ಕಟ್ಟಲು ಬಳಸುವ ಎಲ್‌ಎಲ್‌ವಿಎಂ ಎಂಬ ತಂತ್ರಾಂಶದಲ್ಲಿಯೂ ಯಾವ ಟೈಪಿನ ಮೇಲಿನ ಯಾವ ಲೆಕ್ಕಕ್ಕೆ ಏನು ಮಾಡಬೇಕೆಂದು ಬ್ಯಾಕ್‌ಎಂಡ್ (ಒಂದು ಚಿಪ್ಪಿಗೆ ಸೂಚನೆಗಳನ್ನು ಹೊರಡಿಸುವ ಭಾಗ) ಬರೆಯುವವರು ಬೇರೆಬೇರೆಯಾಗಿ ತಿಳಿಸುವ ವ್ಯವಸ್ಥೆ ಏಕಿದೆ ಎಂಬುದು ನನಗೆ ಆಗಲೇ ಅರ್ಥವಾದದ್ದು.

ಸೀಳುವ ಕೆಲಸವನ್ನು ಎಲ್ಲಿ ಮಾಡಬೇಕೆಂಬುದರಲ್ಲಿಯೂ ನಾನು ಒಮ್ಮೆ ಎಡವಿದೆ. ಮೊದಲು ಸೂಚನೆಗಳನ್ನು ಆರಿಸುವ ಹಂತದಲ್ಲಿಯೇ ಅದನ್ನು ಸೇರಿಸಿದ್ದರಿಂದ ಅಲ್ಲಿನ ಪ್ರತಿಯೊಂದು ನಿಯಮಕ್ಕೂ ಜೋಡಿ ರಿಜಿಸ್ಟರುಗಳ ಗೊಡವೆ ಅಂಟಿಕೊಂಡಿತು. ಬಳಿಕ ಅದನ್ನು ಅದಕ್ಕೂ ಮುಂಚಿನ ಪ್ರತ್ಯೇಕ ಹಂತವಾಗಿ ಬೇರ್ಪಡಿಸಿದಾಗ ನಿರೀಕ್ಷಿಸದ ಲಾಭವೊಂದು ದೊರೆಯಿತು. ಎರಡು 32 ಬಿಟ್ಟಿನ ಧನಸಂಖ್ಯೆಗಳನ್ನು 64ಕ್ಕೆ ಹಿಗ್ಗಿಸಿ ಗುಣಿಸುವ ಕಡೆಗಳಲ್ಲಿ ಮೇಲರ್ಧಗಳು ಸೊನ್ನೆಯೆಂಬುದು ಕಣ್ಣಿಗೆ ಕಾಣುವುದರಿಂದ, ಮುಂದಿನ ಸುಧಾರಣೆಯ ಹಂತವು ಆರು ಸೂಚನೆಗಳಲ್ಲಿ ನಾಲ್ಕನ್ನು ತಾನಾಗಿಯೇ ಕಿತ್ತುಹಾಕಿತು.

ಸೀಳುವುದರ ನಿಜವಾದ ಅಪಾಯ ಇರುವುದು ಮೆಮೊರಿಯಲ್ಲಿ. ಪೆಟ್ಟಿಗೆಯಲ್ಲಿ ಟೈಮರ್ ಇಂಟರಪ್ಟ್ (ನಡೆಯುತ್ತಿರುವ ಕೆಲಸವನ್ನು ತಡೆದು ನಡುವೆ ಓಡುವ ಕೋಡ್) ಹೆಚ್ಚಿಸುತ್ತಾ ಹೋಗುವ 64 ಬಿಟ್ಟಿನ ಮಿಲಿಸೆಕೆಂಡ್ ಎಣಿಕೆಯೊಂದಿತ್ತು. ನನ್ನ ಕಂಪೈಲರ್ ಅದರ ಕೆಳ ಅರ್ಧವನ್ನು ಮೊದಲು ಓದಿ, ಮೇಲರ್ಧವನ್ನು ಆಮೇಲೆ ಓದುತ್ತಿತ್ತು. ಕೆಳ ಅರ್ಧ ತುಂಬಿ ಸೊನ್ನೆಗೆ ಮರಳುವ ಕ್ಷಣದಲ್ಲಿ ಇಂಟರಪ್ಟ್ ಈ ಎರಡರ ನಡುವೆ ಬಂದರೆ ಹಳೆಯ ಕೆಳ ಅರ್ಧಕ್ಕೆ ಹೊಸ ಮೇಲರ್ಧ ಅಂಟಿಕೊಂಡು ಗಡಿಯಾರ 49 ದಿನ 17 ಗಂಟೆ ಮುಂದೆ ಜಿಗಿಯುತ್ತದೆ. ಎಣಿಕೆಯನ್ನು ಬೇಕೆಂದೇ ಆ ಅಂಚಿಗೆ ತಂದು ನಿಲ್ಲಿಸಿ ಪರೀಕ್ಷಿಸಿದ್ದರಿಂದ ಇದು ಸಿಕ್ಕಿತು. ತೋಟದಲ್ಲಿ ಬಿಟ್ಟಿದ್ದರೆ ಯಾವ ವರ್ಷದ ಯಾವ ಮಳೆಗಾಲದಲ್ಲಿ ಸಿಗುತ್ತಿತ್ತೋ ಹೇಳಲಾಗದು. ಮೇಲರ್ಧ, ಕೆಳ ಅರ್ಧ, ಮತ್ತೆ ಮೇಲರ್ಧ ಓದಿ, ಮೇಲರ್ಧ ಬದಲಾಗಿದ್ದರೆ ಮೊದಲಿಂದ ಓದಬೇಕೆಂಬುದು ರಿಸ್ಕ್-ಫೈವ್ ಕೈಪಿಡಿಯು 64 ಬಿಟ್ಟಿನ ಚಕ್ರಗಣಕಕ್ಕೆ (ಚಿಪ್ಪಿನ ಗಡಿಯಾರದ ಮಿಡಿತಗಳ ಎಣಿಕೆಗೆ) ಹೇಳುವ ಕ್ರಮ. ಆದರೆ ಇದನ್ನು ಕಂಪೈಲರ್ ಗುಟ್ಟಾಗಿ ಮಾಡುವುದು ನನಗೆ ಸರಿಯೆನಿಸಲಿಲ್ಲ. ಇಂಟರಪ್ಟ್ ಮುಟ್ಟುವ ಚರಾಂಶಗಳಲ್ಲಿ 64 ಬಿಟ್ಟಿನ ನೇರ ಓದನ್ನು ಈಗ ಅದು ದೋಷವೆಂದು ತಿರಸ್ಕರಿಸುತ್ತದೆ.

ಫ್ಲೋಟ್ ಬಂದಾಗ ಸೀಳುವ ಪ್ರಶ್ನೆಯಿಲ್ಲ. ಅದರ 32 ಬಿಟ್ಟುಗಳನ್ನು ಪೂರ್ಣಾಂಕದ ವೇಷದಲ್ಲಿ ಸಾಮಾನ್ಯ ರಿಜಿಸ್ಟರಿನಲ್ಲಿಯೇ ಹೊತ್ತು, ಲೆಕ್ಕಗಳನ್ನು ಮಾತ್ರ ಲೈಬ್ರರಿಗೆ ಕೊಡುವುದು ವಾಡಿಕೆ. ಚಿಹ್ನೆ ಬದಲಿಸಲು ಅತಿ ಮೇಲಿನ ಬಿಟ್ಟನ್ನು ತಿರುಗಿಸಿದರೆ ಸಾಕಾದ್ದರಿಂದ ಅದಕ್ಕೆ ಕರೆಯೂ ಬೇಡ. ಮೋಸ ಮಾಡಿದ್ದು ಹೋಲಿಕೆ. ಕರೆಗಳು ಕಡಿಮೆಯಾಗಲೆಂದು ‘ಕಡಿಮೆಯೇ?’ ಎಂದು ಕೇಳುವ ಫಂಕ್ಷನ್ನಿನ ಉತ್ತರವನ್ನೇ ತಿರುವಿ ‘ಹೆಚ್ಚು ಅಥವಾ ಸಮವೇ?’ ಎಂಬುದಕ್ಕೂ ಬಳಸಿದೆ. ಒಂದೂ ಅಳತೆ ಬಾರದ ಗಂಟೆಯ ಸರಾಸರಿಯಲ್ಲಿ ಸೊನ್ನೆಯನ್ನು ಸೊನ್ನೆಯಿಂದ ಭಾಗಿಸಿ ಸಂಖ್ಯೆಯಲ್ಲದ ನ್ಯಾನ್ ಹುಟ್ಟಿದಾಗ, ಅದು ಮಿತಿಗಿಂತ ಹೆಚ್ಚೆಂದು ಪೆಟ್ಟಿಗೆ ಸಾರಿತು. ನ್ಯಾನ್ ಯಾವುದಕ್ಕೂ ಕಡಿಮೆಯಲ್ಲ, ಹೆಚ್ಚೂ ಅಲ್ಲ, ಸಮವೂ ಅಲ್ಲ; ಎರಡೂ ಪ್ರಶ್ನೆಗಳಿಗೆ ‘ಇಲ್ಲ’ ಎಂಬ ಉತ್ತರ ಬರಲೆಂದೇ ಲೈಬ್ರರಿಯಲ್ಲಿ ಎರಡು ಫಂಕ್ಷನ್ನುಗಳನ್ನು ಬೇರೆಬೇರೆಯಾಗಿ ಇಟ್ಟಿದ್ದಾರೆ.

ಈ ಫಜೀತಿಯನ್ನು ಚಿಕ್ಕಪ್ಪನಿಗೆ ವಿವರಿಸಲು ಹೋದಾಗ ಅವರು, “ಮಳೆಯನ್ನ ನಾವು ಸೆಂಟಿನಲ್ಲಿ ತಾನೇ ಬರೆಯೋದು ಕಣೋ, ಅದರಲ್ಲಿ ಪಾಯಿಂಟ್ ಎಲ್ಲಿಂದ ಬಂತು?” ಎಂದು ಕೇಳಿದರು. ನಮ್ಮ ಕಡೆಯ ಬೆಳೆಗಾರರು ಹೂಮಳೆಯನ್ನು ಇಂಚು ಮತ್ತು ಸೆಂಟುಗಳಲ್ಲಿ ಲೆಕ್ಕ ಹಾಕುತ್ತಾರೆ. ನೂರು ಸೆಂಟಿಗೆ ಒಂದು ಇಂಚು, ಬಟ್ಟಲು ಒಮ್ಮೆ ಮಗುಚಿದರೆ ಒಂದು ಸೆಂಟು. ನೂರು ಇಂಚು ಸುರಿದರೂ 10,000 ಸೆಂಟು, 16 ಬಿಟ್ಟಿನೊಳಗೇ ಹಿಡಿಸುತ್ತದೆ. ಮಿಲಿಮೀಟರು ಬೇಕೆಂದರೆ ಒಂದು ಸೆಂಟಿಗೆ ಸರಿಯಾಗಿ 254 ಮೈಕ್ರೋಮೀಟರಾದ್ದರಿಂದ ಒಂದು ಗುಣಾಕಾರ ಸಾಕು. ಟೈಪನ್ನೇ ನಿರಾಕರಿಸುವ ನಾಲ್ಕನೆಯ ದಾರಿಯನ್ನು ನಾನು ಅದುವರೆಗೆ ಸೋಮಾರಿಗಳದೆಂದು ಬದಿಗಿಟ್ಟಿದ್ದೆ. ಮಳೆಯ ಮಟ್ಟಿಗೆ ಉಳಿದ ಮೂರನ್ನೂ ಅದೇ ಸೋಲಿಸಿತು.

ಹಾಗೆಂದು ಫ್ಲೋಟನ್ನು ಭಾಷೆಯಿಂದ ಪೂರ್ತಿ ತೆಗೆದುಹಾಕಿಲ್ಲ. ತಾಪಮಾನದ ಸೆನ್ಸರಿನ ಸೂತ್ರದಲ್ಲಿ ಲಾಗರಿದಮ್ ಇರುವುದರಿಂದ ಅಲ್ಲಿ ಲೈಬ್ರರಿ ಕರೆಗಳು ಹಾಗೆಯೇ ಉಳಿದಿವೆ. ಗಂಟೆಗೊಮ್ಮೆ ನಡೆಯುವ ಲೆಕ್ಕ ಸ್ವಲ್ಪ ನಿಧಾನವಾದರೆ ತೋಟದಲ್ಲಿ ಯಾರಿಗೂ ತೊಂದರೆಯಿಲ್ಲ.